ಉಪಗ್ರಹ ಕಂಡ ಹಸಿರನ್ನು ನೆಲದ ಮೇಲೆ ಒರೆಗೆ ಹಚ್ಚುವುದು ಹೇಗೆ?

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸುತ್ತಿನಲ್ಲಾಗಲಿ, ನೆರೆಯ ತಿರುಮಕೂಡಲು ನರಸೀಪುರದ ಕಡೆಯಲ್ಲಾಗಲಿ ಒಂದು ತೆಂಗಿನ ತೋಟ ಎಷ್ಟು ಹಸಿರಾಗಿದೆ ಎಂಬುದನ್ನು ಈಗ ತೋಟದ ಯಜಮಾನನೊಬ್ಬನೇ ನೋಡುತ್ತಿಲ್ಲ. ಕೆಲವು ದಿನಗಳಿಗೊಮ್ಮೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಉಪಗ್ರಹಗಳೂ ನೋಡುತ್ತಿವೆ. ಬರಗಾಲದ ಘೋಷಣೆ, ಬೆಳೆ ವಿಮೆಯ ಇಳುವರಿ ಅಂದಾಜು, ಕಾಡಿನ ವಿಸ್ತೀರ್ಣದ ಲೆಕ್ಕ ಇವೆಲ್ಲಕ್ಕೂ ಆ ಚಿತ್ರಗಳನ್ನು ಬಳಸಲಾಗುತ್ತಿದೆ. ಆದರೆ ಉಪಗ್ರಹವು ಎಲೆಯನ್ನು ಎಣಿಸುವುದಿಲ್ಲ, ಕಾಯನ್ನು ತೂಗುವುದಿಲ್ಲ. ನೆಲದಿಂದ ಹಿಂದಿರುಗಿದ ಬೆಳಕನ್ನು ಮಾತ್ರ ಅಳೆಯುತ್ತದೆ. ಆ ಬೆಳಕಿನಿಂದ ಎಲೆಯ ಪ್ರಮಾಣವನ್ನು ಊಹಿಸುವುದು ಒಂದು ಲೆಕ್ಕದ ಕೆಲಸ. ಈ ಲೆಕ್ಕಕ್ಕೆ ‘ಮಾದರಿ’ ಎನ್ನುತ್ತಾರೆ. ಲೆಕ್ಕ ತಪ್ಪಿದರೆ ಅದರ ಹೊರೆ ರೈತನ ಮೇಲೆಯೇ ಬೀಳುತ್ತದೆ. ಆದುದರಿಂದ ಇಂತಹ ಮಾದರಿಯನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಒಳ್ಳೆಯದು.

ಎಲೆಯ ಮೇಲೆ ಬಿದ್ದ ಬೆಳಕು ಏನಾಗುತ್ತದೆ?

ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿ ಒಂದು ಭಾಗ ಹಿಂದಿರುಗುತ್ತದೆ, ಒಂದು ಭಾಗ ಎಲೆಯನ್ನು ಹಾದು ಕೆಳಗಿಳಿಯುತ್ತದೆ, ಉಳಿದುದನ್ನು ಎಲೆ ಹೀರಿಕೊಳ್ಳುತ್ತದೆ. ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಆಹಾರ ತಯಾರಿಕೆಗೆ ಹೀರಿಕೊಳ್ಳುವುದರಿಂದ ಆರೋಗ್ಯವಂತ ಎಲೆಯಿಂದ ಕೆಂಪು ಬೆಳಕು ಶೇಕಡ 5ರಷ್ಟು ಮಾತ್ರ ಹಿಂದಿರುಗುತ್ತದೆ. ಹಸಿರು ಬೆಳಕು ಅದಕ್ಕಿಂತ ಹೆಚ್ಚು, ಅಂದರೆ ಶೇಕಡ 10ರಿಂದ 15ರಷ್ಟು ಹಿಂದಿರುಗುತ್ತದೆ. ಎಲೆ ಹಸಿರಾಗಿ ಕಾಣುವುದು ಇದರಿಂದಲೇ.

ಕೆಂಪಿನ ಆಚೆಗೆ ಕಣ್ಣಿಗೆ ಕಾಣದ ಬೆಳಕೊಂದಿದೆ. ಇದು ಅವಕೆಂಪು ಬೆಳಕು. ಎಲೆಯ ಒಳಗಿನ ಜೀವಕೋಶಗಳ ನಡುವೆ ಗಾಳಿಯ ಸಂದುಗಳಿರುವುದರಿಂದ ಈ ಬೆಳಕು ಚದುರಿ, ಶೇಕಡ 40ರಿಂದ 50ರಷ್ಟು ಮೇಲಕ್ಕೆ ಹಿಂದಿರುಗುತ್ತದೆ. ಬಹುಪಾಲು ಉಳಿದುದು ಎಲೆಯನ್ನು ಹಾದು ಕೆಳಗಿನ ಎಲೆಯ ಮೇಲೆ ಬೀಳುತ್ತದೆ. ಬರಿಯ ಮಣ್ಣಿನಲ್ಲಿ ಕೆಂಪಿಗೂ ಅವಕೆಂಪಿಗೂ ಇಷ್ಟು ದೊಡ್ಡ ಅಂತರವಿಲ್ಲ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ‘ಸಸ್ಯ ಸೂಚ್ಯಂಕ’. ಬರಿಯ ನೆಲಕ್ಕೆ ಇದು ಕಡಿಮೆ, ದಟ್ಟ ಹಸಿರಿಗೆ 1ರ ಸಮೀಪ.

ಈ ಗುಣವನ್ನು ಭಾರತದಲ್ಲಿ ಮೊದಲು ಬಳಸಿದ್ದು ತೆಂಗಿನ ಮೇಲೆಯೇ. 1970ರಲ್ಲಿ ಪ್ರೊ. ಪಿ.ಆರ್. ಪಿಷಾರೋಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಕೆಂಪು ಬಣ್ಣದ ಫಿಲ್ಮಿನಿಂದ ಚಿತ್ರ ತೆಗೆದು, ಬೇರು ಸೊರಗು ರೋಗ ತಗುಲಿದ ಮರಗಳನ್ನು ಗುರುತಿಸುವ ಪ್ರಯೋಗ ನಡೆಯಿತು. ದೇಶದ ದೂರಸಂವೇದಿ ಕಾರ್ಯಕ್ಕೆ ಅದೇ ನಾಂದಿ.

ಚಿತ್ರದ ಒಂದು ಚೌಕದಲ್ಲಿ ಏನಿರುತ್ತದೆ?

ಉಪಗ್ರಹದ ಚಿತ್ರವು ಸಣ್ಣ ಸಣ್ಣ ಚೌಕಗಳಿಂದ ಆಗಿದೆ. ಒಂದು ಚೌಕಕ್ಕೆ ಒಂದೇ ಬೆಲೆ. 1972ರ ಮೊದಲ ಲ್ಯಾಂಡ್‌ಸ್ಯಾಟ್‌ನಲ್ಲಿ ಚೌಕದ ಬದಿ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆಗೂ ಹೆಚ್ಚು ನೆಲ ಒಂದೇ ಚುಕ್ಕೆಯಾಗಿ ಕಾಣುತ್ತಿತ್ತು. 1988ರ ಮಾರ್ಚ್ 17ರಂದು ಹಾರಿದ ನಮ್ಮ ಐ.ಆರ್.ಎಸ್.-1ಎ ಉಪಗ್ರಹದ ಎರಡು ಬಗೆಯ ಕ್ಯಾಮೆರಾಗಳಲ್ಲಿ ಇದು 72.5 ಮೀಟರ್ ಮತ್ತು 36.25 ಮೀಟರ್ ಇತ್ತು. 2003ರ ರಿಸೋರ್ಸ್‌ಸ್ಯಾಟ್-1ರ ಲಿಸ್-3 ಕ್ಯಾಮೆರಾದಲ್ಲಿ 23.5 ಮೀಟರಿಗೆ ಇಳಿಯಿತು. 2015ರಿಂದ ಹಾರುತ್ತಿರುವ ಯೂರೋಪಿನ ಸೆಂಟಿನೆಲ್-2 ಸರಣಿಯಲ್ಲಿ ಕೆಂಪು ಮತ್ತು ಅವಕೆಂಪು ಬೆಳಕಿಗೆ 10 ಮೀಟರ್. ಈಗ ಒಂದು ಎಕರೆಯಲ್ಲಿ ಸುಮಾರು 40 ಚೌಕಗಳು ಸಿಗುತ್ತವೆ, ಅವುಗಳ ಚಿತ್ರಗಳೂ ಎಲ್ಲರಿಗೂ ಉಚಿತ.

ತೆಂಗನ್ನು 7.5 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಮರಕ್ಕೆ ಸುಮಾರು 56 ಚದರ ಮೀಟರ್ ನೆಲ ಬರುತ್ತದೆ. ಹೀಗಾಗಿ 10 ಮೀಟರ್ ಚೌಕದಲ್ಲಿ ಎರಡು ಮರವೂ ಪೂರ್ತಿ ಹಿಡಿಯುವುದಿಲ್ಲ. ಆ ಚೌಕದೊಳಗೆ ನಾಲ್ಕು ವಸ್ತುಗಳು ಬೆರೆತಿರುತ್ತವೆ: ಬಿಸಿಲು ಬಿದ್ದ ಗರಿ, ನೆರಳಿನಲ್ಲಿರುವ ಗರಿ, ಬಿಸಿಲು ಬಿದ್ದ ನೆಲ, ನೆರಳಿನಲ್ಲಿರುವ ನೆಲ. ಉಪಗ್ರಹಕ್ಕೆ ತಲುಪುವುದು ಈ ನಾಲ್ಕರ ಬೆರಕೆ ಬೆಳಕು.

ಲೆಕ್ಕದ ಮಾದರಿಗಳು

ಎಲೆಗಳ ನಡುವೆ ಬೆಳಕು ಇಳಿಯುವ ಬಗೆಯನ್ನು 1953ರಲ್ಲಿ ಜಪಾನಿನ ಮೊನ್ಸಿ ಮತ್ತು ಸಾಯೆಕಿ ಎಂಬ ವಿಜ್ಞಾನಿಗಳು ಸರಳ ಸೂತ್ರಕ್ಕೆ ತಂದರು. ಎಲೆಯ ಪದರಗಳು ಒಂದೊಂದಾಗಿ ಹೆಚ್ಚಿದಂತೆ ಬೆಳಕು ಒಂದೇ ಪ್ರಮಾಣದಲ್ಲಿ ಕುಗ್ಗುತ್ತ ಹೋಗುತ್ತದೆ ಎಂಬುದು ಅದರ ಸಾರ. ಇಲ್ಲಿ ಮುಖ್ಯವಾದುದು ‘ಎಲೆ ವಿಸ್ತೀರ್ಣ ಸೂಚ್ಯಂಕ’. ಒಂದು ಚದರ ಮೀಟರ್ ನೆಲದ ಮೇಲೆ ಒಟ್ಟು ಮೂರು ಚದರ ಮೀಟರ್ ಎಲೆ ಇದ್ದರೆ ಈ ಸೂಚ್ಯಂಕ 3. ಎಸ್ಟೋನಿಯದ ಟಾರ್ಟು ವೀಕ್ಷಣಾಲಯದ ಯುಹಾನ್ ರೋಸ್ ಅವರು ಎಲೆಗಳ ವಾಲಿಕೆಯನ್ನೂ ಸೇರಿಸಿ ಈ ಶಾಸ್ತ್ರವನ್ನು ಬೆಳೆಸಿದರು.

ಮುಂದೆ ಎರಡು ಬಗೆಯ ಮಾದರಿಗಳು ಬಂದವು. ಮೊದಲನೆಯದರಲ್ಲಿ ಎಲೆಗಳು ಗದ್ದೆಯ ಭತ್ತದಂತೆ ಎಲ್ಲೆಡೆ ಸಮನಾಗಿ ಹರಡಿವೆ ಎಂದು ಭಾವಿಸಲಾಗುತ್ತದೆ. 1984ರಲ್ಲಿ ಹಾಲೆಂಡಿನ ವೆರ್ಹೂಫ್ ಪ್ರಕಟಿಸಿದ ‘ಸೇಲ್’ ಮಾದರಿ ಇಂತಹುದು. ಒಂಟಿ ಎಲೆಯ ಗುಣವನ್ನು ಲೆಕ್ಕ ಹಾಕುವ ‘ಪ್ರಾಸ್ಪೆಕ್ಟ್’ ಮಾದರಿಯನ್ನು 1990ರಲ್ಲಿ ಜಾಕ್‌ಮೂ ಮತ್ತು ಬಾರೆ ನೀಡಿದ ಮೇಲೆ ಎರಡನ್ನೂ ಜೋಡಿಸಿ ಬಳಸುವುದು ವಾಡಿಕೆಯಾಯಿತು. ಎರಡನೆಯದರಲ್ಲಿ ಪ್ರತಿಯೊಂದು ಮರದ ತಲೆಯನ್ನೂ ಒಂದು ಗೋಪುರದಂತೆಯೋ ಮೊಟ್ಟೆಯಂತೆಯೋ ಭಾವಿಸಿ, ಅದರ ನೆರಳು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಲಾಗುತ್ತದೆ. 1985ರಲ್ಲಿ ಲೀ ಮತ್ತು ಸ್ಟ್ರಾಲರ್ ರೂಪಿಸಿದ ಮಾದರಿ ಇದಕ್ಕೆ ಉದಾಹರಣೆ. ಭತ್ತ, ಕಬ್ಬಿಗೆ ಮೊದಲನೆಯದು ಹೊಂದುತ್ತದೆ. ತೆಂಗಿನ ತೋಟ, ತೆರೆದ ಕಾಡುಗಳಿಗೆ ಎರಡನೆಯದು ಹೆಚ್ಚು ಹೊಂದುತ್ತದೆ.

ತೆಂಗಿನ ತೋಟದ ಒಂದು ಉದಾಹರಣೆ

ಮಾದರಿ ಕೆಲಸ ಮಾಡುವ ಬಗೆ ಸ್ಪಷ್ಟವಾಗಲು ಒಂದು ಕಲ್ಪಿತ ಚೌಕವನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಬಿಸಿಲಿನ ಗರಿ ಶೇಕಡ 45, ನೆರಳಿನ ಗರಿ 10, ಬಿಸಿಲಿನ ನೆಲ 25, ನೆರಳಿನ ನೆಲ 20 ಎಂದಿರಲಿ. ಒಣಗಿದ ಕೆಂಪು ಮಣ್ಣಿನ ನೆಲ. ಈ ನಾಲ್ಕರ ಅವಕೆಂಪು ಪ್ರತಿಫಲನ ಕ್ರಮವಾಗಿ ಶೇಕಡ 40, 15, 30 ಮತ್ತು 8 ಎಂದೂ, ಕೆಂಪು ಪ್ರತಿಫಲನ 4, 2, 20 ಮತ್ತು 4 ಎಂದೂ ಇಟ್ಟುಕೊಳ್ಳಬಹುದು. ಒಂದೊಂದನ್ನೂ ಅದರ ಪಾಲಿನಿಂದ ಗುಣಿಸಿ ಕೂಡಿದರೆ ಅವಕೆಂಪು ಶೇಕಡ 28.6, ಕೆಂಪು ಶೇಕಡ 7.8 ಆಗುತ್ತದೆ. ಸಸ್ಯ ಸೂಚ್ಯಂಕ 0.57.

ಈಗ ಎರಡು ಹದ ಮಳೆ ಬಿದ್ದು ಸಾಲುಗಳ ನಡುವೆ ಕಳೆ ಎದ್ದಿತೆನ್ನೋಣ. ಗರಿಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ಆದರೆ ಬಿಸಿಲಿನ ನೆಲದ ಅವಕೆಂಪು ಶೇಕಡ 40ಕ್ಕೆ ಏರಿ, ಕೆಂಪು 5ಕ್ಕೆ ಇಳಿಯುತ್ತದೆ. ನೆರಳಿನ ನೆಲದಲ್ಲಿ ಅವು 12 ಮತ್ತು 2 ಆಗುತ್ತವೆ. ಮತ್ತೆ ಕೂಡಿದರೆ ಅವಕೆಂಪು 31.9, ಕೆಂಪು 3.65. ಸಸ್ಯ ಸೂಚ್ಯಂಕ 0.79ಕ್ಕೆ ಜಿಗಿಯುತ್ತದೆ.

ಮರಕ್ಕೆ ಒಂದು ಗರಿಯೂ ಹೆಚ್ಚದೆ ಸೂಚ್ಯಂಕ ಇಷ್ಟು ಏರಿದ್ದು ಕಳೆಯಿಂದ. ಸೂಚ್ಯಂಕವನ್ನಷ್ಟೇ ನೋಡಿದವರು ತೋಟ ಚೇತರಿಸಿಕೊಂಡಿತು ಎಂದು ಬರೆದುಬಿಡುತ್ತಾರೆ. ಮರದ ಬುಡದ ನೆಲದಲ್ಲಿ ಏನಿದೆ ಎಂಬುದನ್ನು ಸೇರಿಸಿಕೊಂಡ ಮಾದರಿ ಮಾತ್ರ ಈ ಮೋಸಕ್ಕೆ ಬೀಳುವುದಿಲ್ಲ.

ಪರೀಕ್ಷೆಯ ಹಂತಗಳು

1. ಜಾಗದ ಆಯ್ಕೆ: ಅಳೆಯುವ ತುಂಡು ಚಿತ್ರದ ಚೌಕಕ್ಕಿಂತ ದೊಡ್ಡದಾಗಿರಬೇಕು. ಸ್ಥಾನ ಗುರುತಿಸುವ ಉಪಕರಣದಲ್ಲಿ ಕೆಲವು ಮೀಟರುಗಳ ತಪ್ಪು ಬರುವುದರಿಂದ 10 ಮೀಟರ್ ಚೌಕಕ್ಕೆ ಕನಿಷ್ಠ 30 ಮೀಟರ್ ಉದ್ದ, 30 ಮೀಟರ್ ಅಗಲದ ಒಂದೇ ಬಗೆಯ ತೋಟ ಬೇಕು. ರಸ್ತೆ, ಕಾಲುವೆ, ಬದುವಿನ ಮರ ಇದರೊಳಗೆ ಬರಬಾರದು.

2. ನೆಲದ ಅಳತೆ: ಮರಗಳ ಸಂಖ್ಯೆ, ಎತ್ತರ, ತಲೆಯ ಅಗಲ, ಎಲೆ ವಿಸ್ತೀರ್ಣ, ಮಣ್ಣಿನ ಬಣ್ಣ ಮತ್ತು ತೇವ, ಕಳೆಯ ಪ್ರಮಾಣ ಇವನ್ನು ಉಪಗ್ರಹ ಹಾದುಹೋಗುವ ವಾರದಲ್ಲಿಯೇ ಅಳೆಯಬೇಕು. ಒದ್ದೆ ಮಣ್ಣು ಒಣ ಮಣ್ಣಿಗಿಂತ ಕಪ್ಪಾಗಿ ಕಾಣುವುದರಿಂದ ನೀರು ಹಾಯಿಸಿದ ದಿನಾಂಕವನ್ನೂ ಬರೆದಿಡಬೇಕು.

3. ಬಿಸಿಲಿನ ಕೋನ: ಸೆಂಟಿನೆಲ್-2 ಮುಂತಾದ ಉಪಗ್ರಹಗಳು ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಹಾಯುತ್ತವೆ. ಆಗ ನೆರಳು ಪಶ್ಚಿಮದ ಕಡೆಗೆ ಬಿದ್ದಿರುತ್ತದೆ, ಡಿಸೆಂಬರಿನಲ್ಲಿ ಇನ್ನೂ ಉದ್ದವಾಗಿರುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಗದ್ದೆ ನೋಡಿದರೆ ಬೆಳ್ಳಗೆ, ಸೂರ್ಯನಿಗೆ ಮುಖ ಮಾಡಿ ನೋಡಿದರೆ ಕಪ್ಪಾಗಿ ಕಾಣುವುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಮಾದರಿಗೆ ಈ ಕೋನಗಳನ್ನು ತಪ್ಪದೆ ಕೊಡಬೇಕು.

4. ಗಾಳಿಯ ಮಬ್ಬು ಕಳೆಯುವುದು: ಧೂಳು, ತೇವ, ಹೊಗೆ ಇವು ಬೆಳಕನ್ನು ಬದಲಿಸುತ್ತವೆ. ಇವುಗಳ ಪಾಲನ್ನು ಚಿತ್ರದಿಂದ ಕಳೆದ ಮೇಲೆಯೇ ಹೋಲಿಕೆಗೆ ಇಳಿಯಬೇಕು. ಮುಂಗಾರಿನಲ್ಲಿ ಮೋಡ ಮತ್ತು ಮೋಡದ ನೆರಳು ಬಿದ್ದ ಚೌಕಗಳನ್ನು ಬಿಡಬೇಕು.

5. ಹೋಲಿಕೆ: ಮಾದರಿಯನ್ನು ಹೊಂದಿಸಲು ಬಳಸಿದ ತೋಟಗಳಲ್ಲೇ ಅದನ್ನು ಪರೀಕ್ಷಿಸಬಾರದು. ಬಿತ್ತನೆಗೆ ತೆಗೆದ ಬೀಜದ ಮೊಳಕೆಯನ್ನು ಬೇರೆ ಹಿಡಿ ಬೀಜದಿಂದ ಪರೀಕ್ಷಿಸುವಂತೆ, ಲೆಕ್ಕ ಕಾಣದ ತೋಟಗಳನ್ನು ಪರೀಕ್ಷೆಗೆಂದೇ ಎತ್ತಿಡಬೇಕು.

ಸರಾಸರಿಯನ್ನು ನಂಬಿ ಕೆಡಬಾರದು

ನಾಲ್ಕು ತೋಟಗಳ ಎಲೆ ವಿಸ್ತೀರ್ಣ ಸೂಚ್ಯಂಕವನ್ನು ನೆಲದ ಮೇಲೆ ಅಳೆದಾಗ 1.0, 2.0, 3.0 ಮತ್ತು 4.5 ಬಂದಿತೆಂದೂ, ಉಪಗ್ರಹದ ಲೆಕ್ಕ 1.4, 2.3, 3.1 ಮತ್ತು 3.4 ಹೇಳಿತೆಂದೂ ಭಾವಿಸೋಣ. ವ್ಯತ್ಯಾಸಗಳು ಕ್ರಮವಾಗಿ 0.4, 0.3, 0.1 ಹೆಚ್ಚು, ಕೊನೆಯದರಲ್ಲಿ 1.1 ಕಡಿಮೆ. ಇವನ್ನು ಕೂಡಿ ನಾಲ್ಕರಿಂದ ಭಾಗಿಸಿದರೆ ಸರಾಸರಿ ತಪ್ಪು 0.1ಕ್ಕಿಂತಲೂ ಕಡಿಮೆ. ಮಾದರಿ ಬಹಳ ಚೆನ್ನಾಗಿದೆ ಎನಿಸುತ್ತದೆ. ಆದರೆ ವ್ಯತ್ಯಾಸಗಳ ವರ್ಗಗಳ ಸರಾಸರಿಯ ವರ್ಗಮೂಲ ತೆಗೆದರೆ 0.6 ಬರುತ್ತದೆ.

ತೆಳು ತೋಟದಲ್ಲಿ ಕಳೆಯ ಹಸಿರು ಸೇರಿ ಲೆಕ್ಕ ಏರಿದೆ. ದಟ್ಟ ತೋಟದಲ್ಲಿ ಮೇಲಿನ ಎಲೆಗಳೇ ಕೆಂಪು ಬೆಳಕನ್ನೆಲ್ಲ ಹೀರಿದ್ದರಿಂದ ಕೆಳಗಿನ ಎಲೆ ಉಪಗ್ರಹಕ್ಕೆ ಕಂಡಿಲ್ಲ. ಎಲೆ ವಿಸ್ತೀರ್ಣ ಸೂಚ್ಯಂಕ 3 ಅಥವಾ 4 ದಾಟಿದ ಮೇಲೆ ಸಸ್ಯ ಸೂಚ್ಯಂಕ ಏರುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಎರಡು ಎದುರುಬದುರು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿ ಸರಾಸರಿಯನ್ನು ಚೆಂದಗಾಣಿಸಿವೆ. ಸೊರಗಿದ ತೋಟವನ್ನು ಚೆನ್ನಾಗಿದೆ ಎಂದು ತೋರಿಸುವ ಇಂತಹ ಲೆಕ್ಕದಿಂದ, ಸಹಾಯ ಬೇಕಾದವನಿಗೇ ಸಹಾಯ ತಪ್ಪುತ್ತದೆ. ಆದುದರಿಂದ ತೆಳು, ಮಧ್ಯಮ, ದಟ್ಟ ತೋಟಗಳ ಫಲಿತಾಂಶವನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಇನ್ನೊಂದು ತೊಡಕೂ ಉಂಟು. ಕಪ್ಪು ಮಣ್ಣಿನ ಮೇಲಿನ ತೆಳು ಎಲೆ, ಕೆಂಪು ಮಣ್ಣಿನ ಮೇಲಿನ ಅದಕ್ಕಿಂತ ದಟ್ಟ ಎಲೆ ಇವೆರಡೂ ಕೆಲವೊಮ್ಮೆ ಒಂದೇ ಬೆಳಕನ್ನು ಹಿಂದಿರುಗಿಸಬಹುದು. ಲೆಕ್ಕಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಹೊಂದಿದಾಗ ಯಾವುದು ನಿಜ ಎಂದು ಹೇಳಬಲ್ಲವನು ಆ ನೆಲವನ್ನು ಬಲ್ಲ ರೈತ. ಮಾದರಿಗಳನ್ನು ಒಂದರೊಡನೊಂದು ಹೋಲಿಸುವ ಅಂತರರಾಷ್ಟ್ರೀಯ ಪ್ರಯತ್ನವು ಯೂರೋಪಿನ ಜಂಟಿ ಸಂಶೋಧನಾ ಕೇಂದ್ರದ ಮೂಲಕ 1999ರಲ್ಲಿ ಆರಂಭವಾಯಿತು. ಆದರೆ ಮಾದರಿಗಳೆಲ್ಲ ಒಂದೇ ಮಾತು ಹೇಳಿದರೂ ನೆಲದ ಅಳತೆಗೆ ಅದು ಬದಲಿಯಾಗದು.

ನಮ್ಮ ಸೀಮೆಯ ಪ್ರಯೋಗಭೂಮಿ

ನಂಜನಗೂಡಿನಿಂದ ಗುಂಡ್ಲುಪೇಟೆ ದಾಟಿದರೆ ಬಂಡೀಪುರದ ಕಾಡು. ಇದು ಬೇಸಿಗೆಯಲ್ಲಿ ಎಲೆ ಉದುರಿಸುವ ಒಣ ಕಾಡು. ಇಲ್ಲಿನ ಮೂಲೆಹೊಳೆಯಲ್ಲಿ ಸುಮಾರು 4 ಚದರ ಕಿಲೋಮೀಟರಿನ ಜಲಾನಯನವನ್ನು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಸ್ಥೆಗಳು 2003ರಿಂದ ಅಧ್ಯಯನಕ್ಕೆ ಒಳಪಡಿಸಿವೆ. ಅಲ್ಲಿ ಬಹುಪಾಲು ಕೆಂಪು ಮಣ್ಣು, ತಗ್ಗಿನಲ್ಲಿ ಕಪ್ಪು ಮಣ್ಣು. ಗಡಿಯ ಆಚೆ ಮುದುಮಲೈಯಲ್ಲಿ ಇದೇ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರಿನ ತುಂಡೊಂದನ್ನು ಗುರುತು ಮಾಡಿ, 1 ಸೆಂಟಿಮೀಟರಿಗಿಂತ ದಪ್ಪನಾದ ಪ್ರತಿಯೊಂದು ಕಾಂಡವನ್ನೂ ಅಳೆದು ಲೆಕ್ಕವಿಟ್ಟಿದ್ದಾರೆ. ಉಪಗ್ರಹದ ಮಾತನ್ನು ಒರೆಗೆ ಹಚ್ಚಲು ಬೇಕಾದ ನೆಲದ ದಾಖಲೆ ಎಂದರೆ ಇಂತಹುದು.

ಈ ಕಾಡುಗಳಲ್ಲಿ ಲಂಟಾನ ಪೊದೆ ಹಬ್ಬಿರುವುದು ಮಾದರಿಗೆ ದೊಡ್ಡ ಪರೀಕ್ಷೆ. ತೇಗ, ಮತ್ತಿ, ದಿಂಡಿಗ ಎಲೆ ಉದುರಿಸಿದಾಗ ಮೇಲಿನಿಂದ ಕಾಣುವುದು ಕೆಳಗಿನ ಪೊದೆ ಮತ್ತು ತರಗೆಲೆ. ಮಳೆ ಬಿದ್ದೊಡನೆ ಪೊದೆ ಹಸಿರಾದರೆ ಕಾಡೇ ಚಿಗುರಿದಂತೆ ಚಿತ್ರದಲ್ಲಿ ಕಾಣಬಹುದು. ತೆಂಗಿನ ಸಾಲಿನ ಕಳೆಯೂ ಕಾಡಿನ ಲಂಟಾನವೂ ಲೆಕ್ಕಕ್ಕೆ ಒಡ್ಡುವ ತೊಡಕು ಒಂದೇ.

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಇದೇ ತಂಡಗಳು ರೈತರ ಹೊಲಗಳಲ್ಲಿ ಮಣ್ಣಿನ ತೇವ ಮತ್ತು ಬೆಳೆಯನ್ನು ಅಳೆದು ಉಪಗ್ರಹದ ಮಾಹಿತಿಯೊಂದಿಗೆ ಹೋಲಿಸಿವೆ. ಉಪಗ್ರಹಗಳಿಂದ ಅಲ್ಲಿನ ನೀರಾವರಿ ಬೆಳೆಗಳನ್ನು ಗುರುತಿಸುವ ಕೆಲಸವೂ ನಡೆದಿದೆ. ಸಣ್ಣ ಹಿಡುವಳಿ, ಹಲವು ಬೆಳೆ, ಮುಂಗಾರಿನ ಮೋಡ ಇವು ಅಲ್ಲಿನ ತೊಡಕುಗಳು. ನಂಜನಗೂಡು, ನರಸೀಪುರದ ಹೊಲಗಳಲ್ಲೂ ಅವೇ ಎದುರಾಗುತ್ತವೆ.

ತೋಟದಲ್ಲೇ ಮಾಡಬಹುದಾದ ಅಳತೆ

ಬೆಲೆಬಾಳುವ ಉಪಕರಣವಿಲ್ಲದೆ ರೈತ ಯುವಕ ಸಂಘದವರೂ ಶಾಲೆಯ ಮಕ್ಕಳೂ ಒಂದು ಹಗ್ಗದಿಂದ ಈ ಅಳತೆ ಮಾಡಬಹುದು. 50 ಮೀಟರ್ ಹಗ್ಗಕ್ಕೆ ಅರ್ಧ ಮೀಟರಿಗೊಂದರಂತೆ 100 ಗುರುತು ಹಾಕಬೇಕು. ಮೋಡವಿಲ್ಲದ ದಿನ, ನಡುಮಧ್ಯಾಹ್ನ, ತೋಟದಲ್ಲಿ ಸಾಲಿಗೆ ಓರೆಯಾಗಿ ಹಗ್ಗವನ್ನು ನೆಲದ ಮೇಲೆ ಎಳೆದಿಟ್ಟು ಎಷ್ಟು ಗುರುತುಗಳ ಮೇಲೆ ಬಿಸಿಲು ಬಿದ್ದಿದೆ ಎಂದು ಎಣಿಸಬೇಕು. ನಾಲ್ಕು ಕಡೆ ಹೀಗೆ ಎಣಿಸಿ ಸರಾಸರಿ ತೆಗೆಯಬೇಕು. ಹೆಮ್ಮರಗಾಲದ ಸೀಮೆ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 20 ಮತ್ತು ಆಗಸ್ಟ್ 20ರ ಆಚೀಚೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳು ಈ ಅಳತೆಗೆ ಪ್ರಶಸ್ತ.

ನೂರರಲ್ಲಿ 61 ಗುರುತುಗಳ ಮೇಲೆ ಬಿಸಿಲಿದ್ದರೆ ಎಲೆ ವಿಸ್ತೀರ್ಣ ಸೂಚ್ಯಂಕ ಸುಮಾರು 1.
37 ಗುರುತುಗಳಾದರೆ ಸುಮಾರು 2.
22 ಗುರುತುಗಳಾದರೆ ಸುಮಾರು 3.
14 ಗುರುತುಗಳಾದರೆ ಸುಮಾರು 4.

ಇದು ಮೊನ್ಸಿ ಮತ್ತು ಸಾಯೆಕಿಯವರ ಸೂತ್ರದಿಂದ, ಬೆಳಕು ಕುಗ್ಗುವ ಗುಣಾಂಕ 0.5 ಎಂದಿಟ್ಟು ತೆಗೆದ ಲೆಕ್ಕ. ತೆಂಗಿನ ಗರಿಗಳು ಮರದ ತಲೆಯಲ್ಲಿ ಗುಂಪಾಗಿರುವುದರಿಂದ ನಿಜವಾದ ಎಲೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಆದರೂ ಒಂದೇ ತೋಟವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲು ಇದು ಸಾಕು. ತೆಂಗಿನ ತೋಟದಲ್ಲಿ ಸುಮಾರು 8ರಿಂದ 25 ವರ್ಷದವರೆಗೆ ನೆರಳು ಹೆಚ್ಚು, ಆಮೇಲೆ ಬಿಸಿಲು ಮತ್ತೆ ಇಳಿಯುತ್ತದೆ. ಅಂತರ ಬೆಳೆ ಯಾವುದನ್ನು ಹಾಕಬಹುದು ಎಂದು ನಿರ್ಧರಿಸಲೂ ಈ ಹಗ್ಗದ ಲೆಕ್ಕ ಉಪಯುಕ್ತ.

ರೈತನಿಗೆ ಇದರ ಸಂಬಂಧವೇನು?

2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆ, ಬಿತ್ತನೆ, ಮಣ್ಣಿನ ತೇವ ಇವುಗಳ ಜೊತೆಗೆ ಉಪಗ್ರಹದ ಸಸ್ಯ ಸೂಚ್ಯಂಕಕ್ಕೂ ಸ್ಥಾನವಿದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದಾಗ ರಾಜ್ಯ ಸರ್ಕಾರ ಮುಂದಿಟ್ಟ ಮಾತು ‘ಹಸಿರು ಬರ’. ತಡವಾಗಿ ಬಿದ್ದ ಅಲ್ಪ ಮಳೆಗೆ ಪೈರು ಹಸಿರಾಗಿ ನಿಂತಿದ್ದರೂ ಕಾಳು ಕಟ್ಟಲಿಲ್ಲ. ಹಸಿರು ಬೇರೆ, ಫಸಲು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿನಲ್ಲಿ ತಂತ್ರಜ್ಞಾನದ ಲೆಕ್ಕಕ್ಕೆ ಕನಿಷ್ಠ ಶೇಕಡ 30ರ ತೂಕ ಕೊಡುವ ಪದ್ಧತಿಯನ್ನು ಕೇಂದ್ರ ಸರ್ಕಾರ ತಂದಿತು. ಬೆಳೆ ಕಟಾವು ಪ್ರಯೋಗಗಳು ಸರಿಯಾಗಿ ನಡೆಯುವುದು ಇದರಿಂದ ಇನ್ನಷ್ಟು ಮುಖ್ಯವಾಗಿದೆ. ಏಕೆಂದರೆ ಉಪಗ್ರಹದ ಲೆಕ್ಕವನ್ನು ಹೊಂದಿಸುವುದೂ ಒರೆಗೆ ಹಚ್ಚುವುದೂ ಆ ಕಟಾವಿನ ತೂಕದಿಂದಲೇ.

ಭಾರತೀಯ ಅರಣ್ಯ ಸರ್ವೇಕ್ಷಣೆಯು ಒಂದು ಹೆಕ್ಟೇರಿಗೂ ಹೆಚ್ಚಿನ ಜಾಗದಲ್ಲಿ ಶೇಕಡ 10ಕ್ಕೂ ಹೆಚ್ಚು ಎಲೆಚಪ್ಪರ ಕಂಡರೆ, ಒಡೆತನ ಯಾರದಾದರೂ, ಅದನ್ನು ‘ಅರಣ್ಯ ಹೊದಿಕೆ’ಯಲ್ಲಿ ಎಣಿಸುತ್ತದೆ. ತೋಟಗಳೂ ತಾಳೆಯ ಜಾತಿಯ ಮರಗಳೂ ಇದರಲ್ಲಿ ಸೇರುತ್ತವೆ. ಇದು ಹಸಿರಿನ ಎಣಿಕೆ ಮಾತ್ರ. ಇದರಿಂದ ರೈತನ ತೋಟ ಕಾನೂನಿನ ಅರಣ್ಯವಾಗುವುದಿಲ್ಲ, ಪಹಣಿಯೂ ಬದಲಾಗುವುದಿಲ್ಲ.

ನೆನಪಿಡಬೇಕಾದ ಅಂಶಗಳು

- ಉಪಗ್ರಹ ಅಳೆಯುವುದು ಬೆಳಕನ್ನು. ಎಲೆಯ ಪ್ರಮಾಣವೂ ಇಳುವರಿಯೂ ಲೆಕ್ಕದಿಂದ ಬಂದವು.
- ಮರಗಳ ಚಿತ್ರದಲ್ಲಿ ಗರಿ, ನೆಲ, ನೆರಳು, ಕಳೆ ಎಲ್ಲವೂ ಬೆರೆತಿರುತ್ತವೆ.
- ಮಾದರಿಯನ್ನು ಹೊಸ ಹೊಲಗಳಲ್ಲಿ, ತೆಳು ಮತ್ತು ದಟ್ಟ ಬೆಳೆಗಳಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.
- ಬಿತ್ತನೆ, ನೀರು ಹಾಯಿಸಿದ್ದು, ಕಳೆ ತೆಗೆದದ್ದು, ರೋಗ ಕಂಡದ್ದು ಇವುಗಳ ದಿನಾಂಕವನ್ನು ರೈತರು ಬರೆದಿಡಬೇಕು. ಬೆಳೆ ಸಮೀಕ್ಷೆಯಲ್ಲಿ ತಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು.
- ಆಲಿಕಲ್ಲು, ಜಲಾವೃತದಂತಹ ಸ್ಥಳೀಯ ವಿಕೋಪದಿಂದ ವಿಮೆ ಮಾಡಿಸಿದ ಬೆಳೆ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು.

ಹಗ್ಗದ ಅಳತೆಯನ್ನು ಮಾಡಿ ನೋಡಲು ಇಚ್ಛಿಸುವವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ, ತಮ್ಮ ತೋಟದ ಎಣಿಕೆಯನ್ನು ಅದೇ ವಾರದ ಉಪಗ್ರಹ ಚಿತ್ರದೊಂದಿಗೆ ಹೋಲಿಸುವ ಬಗೆಯನ್ನು ವಿಚಾರಿಸಬಹುದು. ಒಂದು ಊರಿನಲ್ಲಿ ಹತ್ತು ತೋಟಗಳ ಅಳತೆ ಮೂರು ವರ್ಷ ತಪ್ಪದೆ ನಡೆದರೆ, ಆ ಊರಿನ ಹಸಿರಿನ ಬಗ್ಗೆ ಮೇಲಿನಿಂದ ಬರುವ ಯಾವ ಲೆಕ್ಕವನ್ನಾದರೂ ಆ ಊರಿನವರೇ ಪರಿಶೀಲಿಸಬಲ್ಲರು.